ಆವಿಗೆಯಲ್ಲಿ ಬೆಂದ ಕತ್ತೆ

ನಮ್ಮ ಮನೆಗೆ ಡಿಗ್ರಿ ಬಂದದ್ದು ನನ್ನಿಂದ. ಕತ್ತೆಗಳು ಅದಕ್ಕೂ ಮೊದಲೇ ಬಂದಿದ್ದವು. ಎರಡನ್ನೂ ಈಗ ಯಾರೆದುರಿಗೆ ಬೇಕಾದರೂ ಹೇಳುತ್ತೇನೆ. ಮೊದಲು ಹಾಗಿರಲಿಲ್ಲ. ಕಂಪ್ಲಿಯಿಂದ ಹೊಸಪೇಟೆಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಮೂರು ವರ್ಷವೂ, ಅಪ್ಪ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ “ಬಿಸಿನೆಸ್” ಎನ್ನುತ್ತಿದ್ದೆ. ಯಾವ ಬಿಸಿನೆಸ್ ಎಂದು ಮುಂದೆ ಕೇಳಿದರೆ ಬಸ್ಸು ಬಂತು ಎಂದು ಓಡುತ್ತಿದ್ದೆ. ಬಸ್ಸು ಬಂದಿರುತ್ತಿರಲಿಲ್ಲ.

ಅಪ್ಪ ಕುಂಬಾರ. ಕೆಲಸ ಮಾತ್ರ ಇಬ್ಬರದು. ತಿಗರಿಯ ಚಕ್ರ ತಿರುಗಿಸುತ್ತ ಕೂರುವವನು ಅಪ್ಪನಾದರೆ, ಮಣ್ಣು ತುಳಿದು ಹದ ಮಾಡುವುದು, ಗಡಿಗೆಯ ತಳ ಬಡಿದು ಮುಚ್ಚುವುದು, ಕೆಮ್ಮಣ್ಣು ಬಳಿಯುವುದು, ಆವಿಗೆ ಜೋಡಿಸುವುದು ಅವ್ವ. ಆವಿಗೆ ಎಂದರೆ ಗಡಿಗೆ ಸುಡುವ ಗೂಡು. ನಮ್ಮ ಅರ್ಧ ಹಿತ್ತಲು ಅದೇ. ಕೆರೆಯಿಂದ ಮಣ್ಣು ತರಲಿಕ್ಕೆ, ಸುತ್ತಲ ಹಳ್ಳಿಗಳಿಗೆ ಗಡಿಗೆ ಹೊರಿಸಿಕೊಂಡು ಹೋಗಲಿಕ್ಕೆ ಮೂರು ಕತ್ತೆಗಳಿದ್ದವು. ಶಾಲೆ ಬಿಟ್ಟ ಮೇಲೆ ಅವನ್ನು ಕಾಲುವೆ ದಂಡೆಯಲ್ಲಿ ಮೇಯಿಸುವುದು ನನ್ನ ಪಾಲಿನ ಕೆಲಸ. ಪಾಠ ಓದಿದ್ದೂ ಅಲ್ಲೇ. ಏಳನೆಯ ತರಗತಿಯ ಸಮಾಜ ಪುಸ್ತಕದ ಒಂದು ಮೂಲೆಯನ್ನು ಒಂದು ಕತ್ತೆ ತಿಂದುಹಾಕಿತು. ಆ ವರ್ಷಪೂರ್ತಿ ನಾನು ಅರ್ಧ ನಕ್ಷೆ ಇಟ್ಟುಕೊಂಡೇ ವಿಜಯನಗರ ಸಾಮ್ರಾಜ್ಯವನ್ನು ಓದಿದೆ. ಪರೀಕ್ಷೆಯಲ್ಲಿ ಪೂರ್ತಿ ಬರೆದೆ.

ಶಾಲೆಯಲ್ಲಿ ನಾನು ಉತ್ತರ ಹೇಳಲು ಎದ್ದು ನಿಂತರೆ ಹಿಂದಿನ ಬೆಂಚಿನಿಂದ ಕತ್ತೆ ಅರಚುವ ದನಿ ಬರುತ್ತಿತ್ತು. ಪಿಯುಸಿಯಲ್ಲಿ ಒಬ್ಬ ಉಪನ್ಯಾಸಕರು, ನನ್ನ ಮನೆಯ ಕಸುಬು ಗೊತ್ತಿದ್ದವರು, ಪಾಠದ ನಡುವೆ ನನ್ನ ಕಡೆ ನೋಡಿಕೊಂಡೇ “ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ” ಎಂದಿದ್ದರು. ಕ್ಲಾಸು ನಕ್ಕಿತ್ತು. ಆಗ ನಾನು ತಲೆ ತಗ್ಗಿಸಿದೆ. ಈಗಾದರೆ ಎದ್ದು ಹೇಳುತ್ತಿದ್ದೆ: ಸರಿ ಸರ್, ಕಸ್ತೂರಿ ಕತ್ತೆಗೆ ಗೊತ್ತಿಲ್ಲ. ಕಾಲುವೆ ಏರಿ ಒಳಗೆ ಟೊಳ್ಳಾಗಿದೆ ಎಂಬುದು ಕಸ್ತೂರಿ ಪೂಸಿಕೊಂಡವರಿಗೆ ಗೊತ್ತಿತ್ತೇನು?

ಆ ಏರಿಯ ಸಂಗತಿ ಹೇಳಬೇಕು. ಮುಂದೆ ಬರುವುದಕ್ಕೆಲ್ಲ ಅದೇ ಬುನಾದಿ.

ನನಗೆ ಆಗ ಹನ್ನೊಂದು ವರ್ಷ. ಅಪ್ಪ, ನಾನು ಮೂರು ಕತ್ತೆಗಳ ಮೇಲೆ ಗಡಿಗೆ ಹೇರಿಕೊಂಡು ಬುಕ್ಕಸಾಗರದ ಕಡೆ ಹೊರಟಿದ್ದೆವು. ಭತ್ತದ ಗದ್ದೆಗಳ ನಡುವೆ ಕಾಲುವೆಗೆ ಅಡ್ಡವಾಗಿ ಮಣ್ಣು ತುಂಬಿ ಮಾಡಿದ ಒಂದು ದಾರಿ. ಮುಂದಿದ್ದದ್ದು ನಮ್ಮ ಹೆಣ್ಣು ಕತ್ತೆ, ಒಂದು ಕಿವಿ ಸೀಳಿದ್ದು. ಅದು ಆ ದಾರಿಯ ಬಾಯಿಗೆ ಬಂದು ನಿಂತುಬಿಟ್ಟಿತು. ನಾನು ಹಗ್ಗ ಎಳೆದೆ. ನಿಂತಿತ್ತು. ಕೋಲು ಎತ್ತಿದೆ. ಅಪ್ಪ ನನ್ನ ಕೈ ಹಿಡಿದ.

“ಬ್ಯಾಡ. ಕತ್ತಿ ನಿಂತ್ರ ನಾವೂ ನಿಲ್ಲಬೇಕು. ಮೊದ್ಲು ಅದರ ಕಾಲಕೆಳಗ ನೋಡು. ಬೈಯೋದು ಆಮ್ಯಾಲೆ.”

ಅಪ್ಪ ಮುಂದೆ ಹೋಗಿ ಕೋಲಿನಿಂದ ಮಣ್ಣು ಚುಚ್ಚಿದ. ಕೋಲು ಅರ್ಧದಷ್ಟು ಒಳಗೆ ಹೋಯಿತು. ಕತ್ತೆಗಳನ್ನು ಹಿಂದಕ್ಕೆ ತಿರುಗಿಸಿದ. ಅಷ್ಟರಲ್ಲಿ ಬೈಕಿನ ಮೇಲೆ ಬಂದ ಇಬ್ಬರು ಅದೇ ದಾರಿಯನ್ನು ಸೊಂಯ್ ಎಂದು ದಾಟಿ, ಆ ದಡದಿಂದ ತಿರುಗಿ ನೋಡಿ ಕೂಗಿದರು: “ಕತ್ತಿ ಮಾತು ಕೇಳ್ಕೊಂಡು ಹೊಂಟಾನ ನೋಡ್ಲೇ!” ಸಂಜೆಗೆ ಆ ದಾರಿ ಕುಸಿದು ಕಾಲುವೆಗೆ ಬಿತ್ತೆಂದು ಮರುದಿನ ತಿಳಿಯಿತು. ನಕ್ಕವರು ಬಂದು ಏನೂ ಹೇಳಲಿಲ್ಲ. ಅಂಥವರು ಯಾವತ್ತೂ ಬಂದು ಹೇಳುವುದಿಲ್ಲ.

ಈಗ ನಾನು ಹೊಸಪೇಟೆಯ ಒಂದು ಕಾನ್ವೆಂಟ್ ಶಾಲೆಯಲ್ಲಿ ಕನ್ನಡ ಟೀಚರ್. ಬಿ.ಎ., ಬಿ.ಎಡ್. ಚಿತ್ತವಾಡ್ಗಿಯಲ್ಲಿ ಬಾಡಿಗೆ ರೂಮು. ನಮ್ಮ ಶಾಲೆಯ ಮಕ್ಕಳಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು, ಆದರೆ ಕ್ರಿಸ್‌ಮಸ್ ಮಾತ್ರ ಎಲ್ಲರದೂ. ರಜೆಗೆ ಮೊದಲು ಒಂದು ಮಧ್ಯಾಹ್ನ ಪಾಲಕರನ್ನೆಲ್ಲ ಕರೆದು ಕಾರ್ಯಕ್ರಮ ಮಾಡುತ್ತೇವೆ. ಪ್ರತಿ ವರ್ಷ ಅದೇ ನಾಟಕ. ಟವೆಲ್ ಸುತ್ತಿಕೊಂಡ ಕುರುಬರು, ರಟ್ಟಿನ ನಕ್ಷತ್ರ, ಮಾತು ಮರೆಯುವ ದೇವದೂತ. ಕಳೆದ ಸಲ ಎಂಟನೆಯ ತರಗತಿಯ ಮಕ್ಕಳು ಮೊದಲೇ ಬಂದು ಹೇಳಿಬಿಟ್ಟರು: “ಮಿಸ್, ನಾಟಕ ಸಾಕ್ರಿ. ಈ ಸಲ ಕಾರ್ಟೂನ್ ಸಿನಿಮಾ ಮಾಡೋಣ್ರಿ. ಮನಿಮಂದಿಯೆಲ್ಲಾ ಕುಂತು ನೋಡೋ ಅಂಥಾದ್ದು.”

ಅದು ಹೇಗೆಂದು ನನಗೆ ಗೊತ್ತಿತ್ತು. ಬೇಸಿಗೆಯ ಒಂದು ತರಬೇತಿಯಲ್ಲಿ ಕಲಿಸಿದ್ದರು. ಮಣ್ಣಿನ ಬೊಂಬೆಯನ್ನು ಎಳ್ಳಿನಷ್ಟು ಸರಿಸಬೇಕು, ಫೋನಿನಲ್ಲಿ ಒಂದು ಫೋಟೊ ತೆಗೆಯಬೇಕು. ಮತ್ತೆ ಎಳ್ಳಿನಷ್ಟು ಸರಿಸಬೇಕು, ಮತ್ತೊಂದು ಫೋಟೊ. ಅವನ್ನೆಲ್ಲ ಪೋಣಿಸಿ ಓಡಿಸಿದರೆ ಬೊಂಬೆ ನಡೆಯುತ್ತದೆ. ಅಂಗಡಿಯಿಂದ ತಂದ ಬಣ್ಣದ ಮಣ್ಣು ಟೇಬಲ್ ಲ್ಯಾಂಪಿನ ಬಿಸಿಗೆ ಕುಸಿದು ಮುದ್ದೆಯಾಯಿತು. ಮಕ್ಕಳು ಮುಖ ಸಣ್ಣ ಮಾಡಿದರು. ಆಗ ನನ್ನ ಬಾಯಿಂದ ತಾನೇ ಬಂತು: “ಮಣ್ಣಿನ ಚಿಂತಿ ನನಗ ಬಿಡ್ರಿ. ನಾವು ಕುಂಬಾರರು.”

ಆ ಶಾಲೆಯಲ್ಲಿ ಹಾಗೆ ಹೇಳಿದ್ದು ಅದೇ ಮೊದಲು. ಆಕಾಶವೇನೂ ಬೀಳಲಿಲ್ಲ. ಒಬ್ಬ ಹುಡುಗಿ “ಹೌದಾ ಮಿಸ್? ಹಂಗಾದ್ರ ಪುಗಸಟ್ಟೆ ಸಿಗತೈತಿ!” ಎಂದಳು. ಅವಳು ಚಿತ್ತವಾಡ್ಗಿಯ ಆಟೋ ಡ್ರೈವರೊಬ್ಬರ ಮಗಳು, ಕೈ ನಡುಗದೆ ಫೋನು ಹಿಡಿಯುವವಳು. ನಮ್ಮ ಛಾಯಾಗ್ರಾಹಕಿ ಅವಳೇ. ಕತ್ತೆಯನ್ನು ಕಥೆಯೊಳಗೆ ತಂದವಳೂ ಅವಳೇ.

“ಮೇರಿ ಕತ್ತಿ ಮ್ಯಾಲೆ ಕುಂತು ಹೋಗಿದ್ಳು ಅಂತೀರಲ್ಲ ಮಿಸ್, ಆ ಕತ್ತಿ ಆಮ್ಯಾಲೆ ಏನಾತ್ರಿ? ಕುರುಬರಿಗೆ ದೇವದೂತ ಬಂದ, ಅರಸರಿಗೆ ಚುಕ್ಕಿ ಬಂತು. ಅಷ್ಟ್ ದೂರ ಹೊತ್ತ ಕತ್ತಿಗೆ ಯಾರ್ ಏನ್ ಕೊಟ್ರು?”

ಅಲ್ಲಿಗೆ ನಾಯಕ ಯಾರೆಂದು ತೀರ್ಮಾನವಾಯಿತು. ಉಳಿದದ್ದನ್ನು ಮಕ್ಕಳು ಕೂಡಿ ಕಟ್ಟಿದರು. ಜೋಸೆಫ್ ಮತ್ತು ತುಂಬು ಬಸುರಿ ಮೇರಿ ಕತ್ತೆಯೊಂದಿಗೆ ಕಂಪ್ಲಿ ಕಡೆಯಿಂದ ನಮ್ಮ ಸೀಮೆಯಲ್ಲೇ ಬರುತ್ತಾರೆ. ಹಂಪಿಯ ಗುಂಡುಬಂಡೆಗಳ ನಡುವೆ ದಾರಿ, ಎದುರಿಗೆ ತುಂಬಿದ ಹೊಳೆ, ಕೊನೆಗೆ ಮಗು ಹುಟ್ಟುವುದು ಕುಂಬಾರನ ಚಪ್ಪರದಲ್ಲಿ. ಆವಿಗೆಯ ಪಕ್ಕದ ಬೂದಿ ಬೆಚ್ಚಗಿರುತ್ತದೆಂದು ನಾನೇ ಹೇಳಿಕೊಟ್ಟೆ.

ಕಾರ್ಯಕ್ರಮ ನೋಡಿಕೊಳ್ಳುವವರು ನಮ್ಮ ಹಿರಿಯ ಮೇಷ್ಟ್ರು, ನಿವೃತ್ತಿಗೆ ಹತ್ತಿರ ಬಂದವರು. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಅವರ ಕೋಣೆಯಲ್ಲಿ ನಾನು ಕಥೆ ಹೇಳಿದಾಗ ಮೇಷ್ಟ್ರು ಕನ್ನಡಕ ತೆಗೆದರು.

“ಪರದಿ ಮ್ಯಾಲೆ ಕತ್ತಿ ತೋರಸೋದಾ? ಪಾಲಕರು ಬರ್ತಾರ್ರಿ, ಮುಖ್ಯ ಅತಿಥಿ ಬರ್ತಾರ. ಬಿದ್ದು ಬಿದ್ದು ನಗ್ತಾರ.”

“ನಗಲಿ ಬಿಡ್ರಿ ಸರ್. ಮಕ್ಕಳ ಸಿನಿಮಾ.”

“ಜಿಂಕಿ ಮಾಡ್ರಿ. ಕ್ರಿಸ್‌ಮಸ್ಸಿಗೆ ಎಲ್ಲಾ ಕಡೆ ಜಿಂಕೀನೇ ಅಲ್ಲೇನು? ಕೊಂಬು ಗಿಂಬು, ನೋಡಾಕ ಮಸ್ತ್ ಇರತೈತಿ.”

“ತುಂಬು ಬಸುರೀನ ಜಿಂಕಿ ಮ್ಯಾಲೆ ಕುಂದ್ರಿಸಿದ್ರ ಆಕಿ ಊರು ಮುಟ್ಟಲ್ಲ ಸರ್. ಆಸ್ಪತ್ರಿ ಮುಟ್ತಾಳ.”

ಸಿಸ್ಟರ್ ಕರಾವಳಿಯವರು, ಪುಸ್ತಕದಂತೆ ಮಾತಾಡುವವರು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. “ಕತ್ತೆಯೇ ಇರಲಿ. ಆದರೆ ಸರ್ ಹೇಳುವುದನ್ನೂ ಸ್ವಲ್ಪ ನೋಡಿ. ಮಕ್ಕಳಿಗೆ ಸ್ಫೂರ್ತಿ ಸಿಗಬೇಕು.”

ಮೇಷ್ಟ್ರು ಬಿಡಲಿಲ್ಲ. “ಹಂಗಾದ್ರ ಹೀರೋ ಅನ್ನೋ ಹಂಗ ಮಾಡ್ರಿ. ಓಡಬೇಕು, ಜಿಗೀಬೇಕು, ಮೇರೀನ ಹೊತ್ಕೊಂಡು ತುಂಬಿದ ಹೊಳಿ ಒಂದೇ ಏಟಿಗೆ ಹಾರಬೇಕು. ಕತ್ತಿ ಬರೇ ಕತ್ತಿ ಥರಾ ಇದ್ರ ಯಾರ್ ನೋಡ್ತಾರ?”

ನಾನು ಒಪ್ಪಿಕೊಂಡೆ. ಇದನ್ನು ಬರೆಯುವಾಗ ಈಗಲೂ ನಾಲಿಗೆ ಕಹಿಯಾಗುತ್ತದೆ. ಕೆಲಸ ಕಾಯಂ ಆಗಿ ವರ್ಷ ತುಂಬಿರಲಿಲ್ಲ, ಅದೊಂದು ಕಾರಣ. ಇನ್ನೊಂದು, ಕತ್ತೆ ಉಳಿಯಿತಲ್ಲ, ಹಾರಿದರೆ ಏನು ಹೋಯಿತು ಎಂದುಕೊಂಡೆ. ಮೇಷ್ಟ್ರು ತಮಗೆ ತಿಳಿದದ್ದು ಹೇಳಿದರು. ನನಗೆ ತಿಳಿದದ್ದನ್ನು ನಾನು ಹೇಳಲಿಲ್ಲ. ತಪ್ಪು ನನ್ನದು.

ಚಿತ್ರ ಶುರುವಾಯಿತು. ಕೆರೆ ಮಣ್ಣಿನ ಬೂದುಗಪ್ಪು ಕತ್ತೆ, ಒಳಗೆ ತಂತಿಯ ಎಲುಬು. ಒಂದು ಕಿವಿ ಸೀಳಿದ್ದು. ಅದನ್ನು ನಾನೇ ಉಗುರಿನಲ್ಲಿ ಸೀಳಿದೆ, ಯಾಕೆಂದು ಮಕ್ಕಳಿಗೆ ಹೇಳಲಿಲ್ಲ. ದೀಪದ ಬಿಸಿಗೆ ಮಣ್ಣು ಬಿರುಕು ಬಿಡದಂತೆ ಕಟಿಂಗ್ ಅಂಗಡಿಯವರು ಬಳಸುವ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸುತ್ತಿದ್ದೆವು. ಹಂಪಿಯ ಗುಂಡುಗಳ ನಡುವಿನ ನಡಿಗೆ ಮುಗಿಯುವ ಹೊತ್ತಿಗೆ ಕತ್ತೆಯ ಒಂದು ಮುಂಗಾಲು ಸೀಳಿತು, ಸೀಳಿದ ಕಿವಿ ಪೂರ್ತಿ ಉದುರಿತು. ಉಳಿದಿದ್ದದ್ದು ಹೊಳೆಯ ದೃಶ್ಯ, ಆಮೇಲೆ ಚಪ್ಪರ. ಕತ್ತೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ಭಾನುವಾರ ಕಂಪ್ಲಿ ಬಸ್ಸು ಹತ್ತಿದೆ.

ಅವ್ವ ಸಂತೆಗೆ ಹೋಗಿದ್ದಳು. ಅಪ್ಪ ಡಬ್ಬಿ ತೆರೆದು, ಕತ್ತೆಯನ್ನು ಅಂಗೈ ಮೇಲೆ ನಿಲ್ಲಿಸಿಕೊಂಡು, ಮುರಿದ ಕಿವಿಯ ಜಾಗವನ್ನು ಹೆಬ್ಬೆರಳಿನಿಂದ ಸವರಿದ. ಯಾವ ಕತ್ತೆಯೆಂದು ಅವನಿಗೆ ಗೊತ್ತಾಯಿತು. ತೆಳು ಮಣ್ಣು ಕಲಸಿ ಕಿವಿ ಅಂಟಿಸುತ್ತ ಕೇಳಿದ: “ಎಲ್ಲೀತನಕ ಬಂತು ಕಥಿ?”

“ಇನ್ನ ಹೊಳಿ ಹಾರಬೇಕಪ್ಪ.”

“ಯಾರು?”

“ಕತ್ತಿ.”

“ಯಾವ ಕತ್ತಿ?”

“ಇದಾ.”

ಅಪ್ಪನ ಕೈ ನಿಂತಿತು. “ತಳ ಕಾಣದ ನೀರಿಗೆ ಕತ್ತಿ ಕಾಲಿಡತೈತೇನವ್ವ? ನೀ ಮೇಸಿದಾಕಿ. ಹೇಳು.”

“ಸಿನಿಮಾ ಅಪ್ಪ ಅದು.”

“ಹಂಗಾದ್ರ ಕುದುರಿ ಮಾಡ್ರಿ. ಕತ್ತೀ ಹೆಸರ್ಯಾಕ ಕೆಡಸ್ತೀರಿ?”

ಕಾಲು ಗಟ್ಟಿ ಕೂಡುವವರೆಗೆ ಇಲ್ಲೇ ಇರಲಿ, ಒದ್ದೆ ಬಟ್ಟೆ ಮುಚ್ಚಿಡು, ಬರುವ ಐತಾರ ಬಂದು ಒಯ್ಯುತ್ತೇನೆ ಎಂದು ಅಪ್ಪನಿಗೆ ಹೇಳಿ ಬಂದೆ. ಆ ವಾರ ಮಕ್ಕಳು ಕುರಿ, ನಕ್ಷತ್ರ, ಕುಂಬಾರ ಇವುಗಳ ಚಿತ್ರ ತೆಗೆದರು.

ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡಿದೆ. ಆವಿಗೆಗೆ ಬೆಂಕಿ ಹಚ್ಚುವ ದಿನ, ಮಣ್ಣಿನಲ್ಲಿ ರೂಪ ತಳೆದದ್ದು ಯಾವುದೂ ಮನೆಯೊಳಗೆ ಹಸಿಯಾಗಿ ಉಳಿಯಬಾರದು. ಹುಡುಗರು ಆಟಕ್ಕೆ ಮಾಡಿದ ಬೆರಳುದ್ದದ ಎತ್ತು, ಒಲೆ ಕೂಡ ಆವಿಗೆಯೊಳಗೆ ಹೋಗಲೇಬೇಕು. ಉಳಿದದ್ದು ಕೊರಗುತ್ತದೆ ಎನ್ನುತ್ತಿದ್ದಳು ನಮ್ಮಜ್ಜಿ. ಅವ್ವ ಅದನ್ನು ಒಂದು ಸಲವೂ ಮೀರಿದವಳಲ್ಲ. ಆ ವಾರದ ನಡುವೆ ಆವಿಗೆ ಸುಡುವುದಿತ್ತು. ನನಗದು ಹೊಳೆಯಲೇ ಇಲ್ಲ. ಹೊಸಪೇಟೆಯಲ್ಲಿ ಕುಳಿತು ಫೋಟೊ ಎಣಿಸುತ್ತಿದ್ದೆ. ಅಪ್ಪನೋ, ಬಟ್ಟೆ ಮುಚ್ಚಿಡಬೇಕೆಂಬುದನ್ನೇ ಅವ್ವನಿಗೆ ಹೇಳಲು ಮರೆತಿದ್ದ.

ಮುಂದಿನ ಭಾನುವಾರ ಹೋದಾಗ ಅವ್ವ ಸೆರಗಿನೊಳಗಿಂದ ಕತ್ತೆ ತೆಗೆದು ನನ್ನ ಮುಂದಿಟ್ಟಳು. ಕೆಂಪಗೆ ಹೊಳೆಯುತ್ತಿತ್ತು. ಅವ್ವನ ಮುಖವೂ.

“ಹಸೀದು ಹಂಗ ಬಿಟ್ಟು ಹೋಗಿದ್ದಿ. ಒಳಗ ತಂತಿ ಬ್ಯಾರೆ! ಹಂಗೇ ಆವಿಗ್ಯಾಗ ಇಟ್ಟಿದ್ರ ಸಿಡದು ನಾಕ್ ಗಡಿಗಿ ಒಡೀತಿತ್ತು. ತಂತಿ ಎಳದು ತಗದೆ, ಹೊಟ್ಟಿ ಟೊಳ್ಳ ಮಾಡ್ದೆ, ಕಾಲು ದಪ್ಪ ಮಾಡ್ದೆ, ಎರಡು ದಿನ ಬಿಸಿಲಿಗಿಟ್ಟು ಸಂಡೂರಿನ ಕೆಮ್ಮಣ್ಣು ಹಚ್ಚಿ ಸುಟ್ಟೀನಿ. ಬಡದು ನೋಡು. ಕಂಚು!”

ಬೆರಳ ಗೆಣ್ಣಿನಿಂದ ಅವಳೇ ಬಡಿದಳು. ಟಣ್ ಎಂದಿತು.

“ಅವ್ವಾ, ಇದು ನಡೀಬೇಕಿತ್ತು.”

“ಎಲ್ಲಿಗೆ?”

ಸಿನಿಮಾ ಮಾಡುವ ಬಗೆಯನ್ನೆಲ್ಲ ವಿವರಿಸಿದೆ. ತಂತಿ ಬಾಗಬೇಕು, ಕಾಲು ಸರಿಯಬೇಕು, ಎಳ್ಳಿನಷ್ಟು ಎಳ್ಳಿನಷ್ಟು. ಅವ್ವ ಕೇಳಿಸಿಕೊಂಡಳು. ಅವಳ ಮುಖ ಒಂದು ಗಳಿಗೆ ಬಾಡಿತು, ಆಮೇಲೆ ಸೆಟೆದುಕೊಂಡಿತು. “ನಡಿಯೋದು ಆಗಲ್ಲ ಬಿಡು ಇನ್ನ. ಗಟ್ಟಿಯಾಗಿ ನಿಂತೈತಲ್ಲ, ಅಷ್ಟ್ ಸಾಕು. ನಿಲ್ಲಾಕೇ ಬರಲ್ಲ ಭಾಳ ಮಂದಿಗೆ.”

ತಿಗರಿಯ ಹತ್ತಿರ ಕೂತಿದ್ದ ಅಪ್ಪ ತಲೆ ಎತ್ತದೆಯೇ ನಕ್ಕ.

ಬಸ್ಸಿನಲ್ಲಿ ಮೊದಲು ಸಿಟ್ಟು ಬಂತು. ಕಾರ್ಯಕ್ರಮಕ್ಕೆ ಐದೇ ದಿನ. ಇನ್ನೊಂದು ಕತ್ತೆ ಮಾಡಬಹುದಿತ್ತು, ಮಣ್ಣಿಗೇನು, ನನ್ನ ಚೀಲದಲ್ಲೇ ಒಂದು ಮುದ್ದೆ ಇತ್ತು. ಹೊಸ ಕತ್ತೆ ಮಾಡಿ ಹೊಳೆ ಹಾರಿಸಿ ಮುಗಿಸಿಬಿಡಬಹುದಿತ್ತು. ಆದರೆ ತೊಡೆಯ ಮೇಲೆ ಡಬ್ಬಿಯಲ್ಲಿದ್ದ ಈ ಕತ್ತೆ ಬಸ್ಸು ಕುಲುಕಿದಾಗೆಲ್ಲ ಟಣ್ ಟಣ್ ಎನ್ನುತ್ತಿತ್ತು. ಬುಕ್ಕಸಾಗರದ ಆ ಏರಿಯ ಮೇಲೆ ಕೋಲು ಎತ್ತಿದ ನನ್ನ ಕೈ ನೆನಪಾಯಿತು. ಕತ್ತೆ ಹೊಳೆ ಹಾರಿ ಯಾರನ್ನೂ ಉಳಿಸಿಲ್ಲ. ನಿಂತು ಉಳಿಸಿದೆ. ನಾನು ಕಣ್ಣಾರೆ ಕಂಡದ್ದನ್ನು ಬಿಟ್ಟು ಯಾರೋ ಕಾಣದ್ದನ್ನು ತೋರಿಸಲು ಹೊರಟಿದ್ದೆ. ಹೊಸಪೇಟೆ ಮುಟ್ಟುವ ಹೊತ್ತಿಗೆ ನಿರ್ಧಾರ ಮಾಡಿಯಾಗಿತ್ತು.

ಸೋಮವಾರ ಮಕ್ಕಳ ಮುಂದೆ ಡಬ್ಬಿ ತೆರೆದೆ.

“ಕೆಂಪಗಾಗೈತ್ರಿ!”

“ಸಂಡೂರು ಹಾದು ಬಂದೈತಿ ಅಂತ ತೋರಸೋಣು ಮಿಸ್,” ಎಂದಳು ಫೋನಿನ ಹುಡುಗಿ. “ಅದಿರು ಲಾರಿ ಹಿಂದ ಬಂದ್ರ ನಮ್ಮಪ್ಪನ ಆಟೋನೂ ಕೆಂಪಾಕ್ಕೈತಿ.”

“ಕಂಪ್ಲಿಯಿಂದ ಬರೋರು ಸಂಡೂರಿಗೆ ಯಾಕ ಹೋಗ್ತಾರ?” ಎಂದ ಇನ್ನೊಬ್ಬ.

“ಜೋಸೆಫ್ ದಾರಿ ತಪ್ಪಿದ್ದ. ಗಂಡಸ್ರು ದಾರಿ ಕೇಳಲ್ಲ.”

ಹಾಗೆ ಒಂದು ಲಾರಿ ಬಂತು, ಧೂಳೆಬ್ಬಿಸಿತು, ಬೂದು ಕತ್ತೆ ಕೆಂಪು ಕತ್ತೆಯಾಯಿತು. ಈ ಸುದ್ದಿ ಮಧ್ಯಾಹ್ನದೊಳಗೆ ಹಿರಿಯ ಮೇಷ್ಟ್ರಿಗೆ ಮುಟ್ಟಿತು. ಸ್ಟಾಫ್ ರೂಮಿನಲ್ಲಿ ಎಲ್ಲರೆದುರಿಗೆ ಕೇಳಿದರು.

“ಹೊಸಾ ಕತ್ತಿ ಮಾಡ್ಸಿ ಹಾರಿಸ್ರಿ. ಒಂದಿನದ ಕೆಲಸ.”

“ಇಲ್ಲ ಸರ್. ನಮ್ಮ ಕತ್ತಿ ಹಾರಲ್ಲ.”

“ಮತ್ತೇನ್ ಮಾಡತೈತಿ?”

“ನಿಲ್ಲತೈತಿ.”

“ಬರೇ ನಿಲ್ಲತೈತಾ?”

“ಹೌದ್ರಿ. ಹೊಳಿ ದಂಡಿ ಮ್ಯಾಲೆ ನಿಲ್ಲತೈತಿ. ಎಳದ್ರೂ ಹೋಗಲ್ಲ, ಬಡದ್ರೂ ಹೋಗಲ್ಲ. ಆಮ್ಯಾಲೆ ಅವರ ಮುಂದಿನ ದಂಡಿ ಕುಸೀತೈತಿ.”

ಮೇಷ್ಟ್ರು ಉಳಿದವರ ಕಡೆ ತಿರುಗಿದರು. “ಕೇಳಿದ್ರೇನ್ರಿ? ನಿಂತ ಕತ್ತಿ ನೋಡಾಕ ಪಾಲಕರನ್ನ ಕರೀಬೇಕಂತ. ಇದು ಬ್ಯಾಡ ಬಿಡ್ರಿ. ಹಳೇ ನಾಟಕಾನೇ ಆಡ್ಸೋಣು, ಟವೆಲ್ ಹೆಂಗೂ ಅದಾವ.”

ಒಂದಿಬ್ಬರು ನಕ್ಕರು. ನಾನು ಸೀದಾ ಸಿಸ್ಟರ್ ಕೋಣೆಗೆ ಹೋದೆ. ಕುಳಿತುಕೊಳ್ಳಿ ಎಂದರು. ಕೂರಲಿಲ್ಲ.

“ಸಿಸ್ಟರ್, ನಾನು ಕತ್ತೆ ಮೇಯಿಸಿಕೊಂಡು ಓದಿದವಳು. ಕತ್ತೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಈ ಶಾಲೆಯಲ್ಲಿ ಗೊತ್ತಿರುವುದು ನನಗೊಬ್ಬಳಿಗೇ. ಹಾರುವ ಕತ್ತೆಗೆ ಅವತ್ತು ನಾನು ಒಪ್ಪಿದ್ದು ತಪ್ಪು. ಆ ಮಾತು ಹಿಂದೆ ತೆಗೆದುಕೊಳ್ಳುತ್ತಿದ್ದೇನೆ. ತೋರಿಸಿದರೆ ನಿಲ್ಲುವ ಕತ್ತೆ. ಇಲ್ಲವೆಂದರೆ ಸಿನಿಮಾ ಬೇಡ, ಮಕ್ಕಳಿಗೆ ನಾನೇ ಹೇಳುತ್ತೇನೆ.”

ಸಿಸ್ಟರ್ ಪೆನ್ನಿಗೆ ಕ್ಯಾಪು ಹಾಕಿದರು. “ಎಷ್ಟು ಹೊತ್ತು ನಿಲ್ಲುತ್ತದೆ ಅದು?”

“ಒಂದು ನಿಮಿಷ.”

“ಒಂದು ನಿಮಿಷ ಬಹಳ ದೀರ್ಘ. ಜನ ನಕ್ಕರೆ?”

“ನಕ್ಕರೆ ಎದ್ದು ನಿಂತು, ಇದು ನನ್ನದು ಎಂದು ಹೇಳುತ್ತೇನೆ.”

“ಇರಲಿ,” ಎಂದರು. “ಆದರೆ ಆ ನಿಮಿಷದಲ್ಲಿ ಸಭೆ ಕೈಬಿಟ್ಟು ಹೋದರೆ, ಮುಂದಿನ ವರ್ಷದಿಂದ ಕಾರ್ಯಕ್ರಮ ಪೂರ್ತಿ ಸರ್ ಹೇಳಿದ ಹಾಗೆ. ನೀವು ಮತ್ತೆ ಬಂದು ಕೇಳಬಾರದು.”

ಸರಿ ಎಂದು ಹೊರಬಂದೆ.

ಅಲ್ಲಾಡದ ಕತ್ತೆಯ ಸಿನಿಮಾ ಸುಲಭವೆಂದು ಯಾರಾದರೂ ತಿಳಿದರೆ ಅವರಿಗೆ ಏನೂ ಗೊತ್ತಿಲ್ಲ. ಕತ್ತೆ ನಿಂತರೆ ಉಳಿದ ಲೋಕವೆಲ್ಲ ನಡೆಯಬೇಕು. ಜೋಸೆಫ್ ಹಗ್ಗ ಎಳೆದ, ಕಾಲು ಜಾರಿ ಬಿದ್ದ, ಎದ್ದ. ಮೇರಿಯ ಸೆರಗು ಗಾಳಿಗೆ ಹಾರಿತು. ಹಿಂದಿನಿಂದ ಎರಡು ಕುರಿ ಬಂದು ಕತ್ತೆಯನ್ನು ತಲೆಯಿಂದ ನೂಕಿದವು. ಹೊಳೆಯ ನೀರನ್ನು ನೀಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಮಡಿಕೆ ಮಡಿಕೆ ಸರಿಸಿದೆವು. ಹಿನ್ನೆಲೆಗೆ ಬುಕ್ಕಸಾಗರದ ಹತ್ತಿರ ನಾವೇ ತೆಗೆದುಕೊಂಡು ಬಂದ ಬಂಡೆಗಳ ಫೋಟೊ. ಯಾರ ಮೊಣಕೈಯಾದರೂ ಟೇಬಲ್ಲಿಗೆ ತಾಗಿದರೆ ಫೋನಿನ ಹುಡುಗಿ ಚೀರುತ್ತಿದ್ದಳು: “ಕತ್ತಿ ಅಲ್ಲಾಡಿತು! ಮೊದ್ಲಿಂದ ತಗೀಬೇಕು!” ದಂಡೆ ಕುಸಿಯುವ ಆರು ಸೆಕೆಂಡಿಗೆ ಗುರುವಾರ ಪೂರ್ತಿ ಹೋಯಿತು. ಹಸಿ ಮಣ್ಣಿನಿಂದ ಸೂಜಿಯಲ್ಲಿ ಒಂದೊಂದೇ ಹರಳು ಕೀಳುತ್ತ ಬಂದೆವು.

ಶುಕ್ರವಾರ ಮಧ್ಯಾಹ್ನ ಶಾಲೆಯ ದೊಡ್ಡ ಹಾಲಿನ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದರು. ಅಪ್ಪ ಅವ್ವ ಕಂಪ್ಲಿ ಬಸ್ಸಿನಲ್ಲಿ ಬಂದಿದ್ದರು. ಹಿಂದೆ ಕೂರೋಣವೆಂದ ಅಪ್ಪನನ್ನು ಅವ್ವ ಮೂರನೆಯ ಸಾಲಿಗೆ ಎಳೆದುಕೊಂಡು ಹೋದಳು. ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿ, ಸಿಸ್ಟರ್, ಹಿರಿಯ ಮೇಷ್ಟ್ರು. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ.

ಪರದೆಯ ಮೇಲೆ ಮೊದಲ ಸಲ ಕತ್ತೆ ಬಂದಾಗಲೇ ನಗೆ ಎದ್ದಿತು. ಅದು ಪ್ರೀತಿಯ ನಗೆ, ಲಾರಿಯ ಧೂಳಿಗೆ ಇನ್ನೂ ಜೋರಾಯಿತು. “ಏ, ನಮ್ಮ ಸಂಡೂರು ರೋಡಲೇ!” ಎಂದರು ಯಾರೋ. ಆಮೇಲೆ ಹೊಳೆ ಬಂತು. ಕತ್ತೆ ನಿಂತಿತು.

ಹತ್ತು ಸೆಕೆಂಡು. ಜೋಸೆಫ್ ಎಳೆದ. ನಕ್ಕರು. ಇಪ್ಪತ್ತು. ಕುರಿಗಳು ನೂಕಿದವು. ನಕ್ಕರು, ಕಡಿಮೆ. ಮೂವತ್ತು. ಕುರ್ಚಿಗಳು ಕಿರ್ರ್ ಎನ್ನತೊಡಗಿದವು. ಹಿಂದಿನ ಸಾಲಿನಿಂದ ಒಬ್ಬ ಗಂಡಸು ಕತ್ತೆಯಂತೆ ಅರಚಿದ. ಅದೇ ದನಿ, ನಾನು ಉತ್ತರ ಹೇಳಲು ಎದ್ದಾಗ ಬರುತ್ತಿದ್ದದ್ದು. ಇನ್ನೊಬ್ಬ ಕೂಗಿದ: “ಎರಡು ಬಿಗೀರಲೇ ಅದಕ್ಕ!” ಮೇಷ್ಟ್ರು ಸಿಸ್ಟರ್ ಕಡೆ ತಿರುಗಿ ಏನೋ ಹೇಳಿದರು. ನಾನು ಗೋಡೆ ಬಿಟ್ಟು ಮುಂದೆ ಬಂದೆ. ಮಾತು ಕೊಟ್ಟಿದ್ದೆನಲ್ಲ, ಇದು ನನ್ನದು ಎಂದು ಹೇಳಲು ಬಾಯಿ ತೆರೆದೆ.

ಮೂರನೆಯ ಸಾಲಿನಲ್ಲಿ ಅಪ್ಪ ಎದ್ದು ನಿಂತಿದ್ದ. ಸಿನಿಮಾ ಎಂಬುದನ್ನು ಮರೆತೇಬಿಟ್ಟಿದ್ದ. ದಾರಿಯಲ್ಲಿ ಕೂಗುವ ದನಿಯಲ್ಲಿ, ಆ ದೊಡ್ಡ ದನಿಯಲ್ಲಿ, ಪರದೆಗೆ ಕೈ ಚಾಚಿ ಕೂಗಿದ:

“ಬ್ಯಾಡ! ಬಡೀಬ್ಯಾಡ್ರಿ! ಅದರ ಕಾಲಕೆಳಗ ನೋಡ್ರಿ ಮೊದ್ಲು!”

ಇಡೀ ಹಾಲು ಪರದೆಯ ಕೆಳಭಾಗ ನೋಡಿತು. ಕತ್ತೆಯ ಗೊರಸಿನ ಮುಂದೆ ಒಂದು ಹರಳು ಉರುಳಿತು. ಇನ್ನೊಂದು. ಒಂದು ಬಿರುಕು ಹಾವಿನಂತೆ ಹರಿದು ಬಂತು. ಆಮೇಲೆ ಮುಂದಿನ ದಂಡೆಯೇ ಕಳಚಿ, ಕತ್ತೆಯ ಪಕ್ಕ ನಿಂತು ಜೋಸೆಫ್ ಅದನ್ನು ಎಳೆಯಲು ಹವಣಿಸುತ್ತಿದ್ದ ದಾರಿಯೇ ಕಳಚಿ, ನೀಲಿ ನೀರಿಗೆ ಬಿತ್ತು. ಕತ್ತೆ ನಿಂತೇ ಇತ್ತು. ಅದರ ಮೇಲೆ ಮೇರಿ.

ಅರಚಿದವನ ದನಿ ಮತ್ತೆ ಬರಲಿಲ್ಲ. ಜೋಸೆಫ್ ಹಗ್ಗ ಕೆಳಗಿಟ್ಟು ಕತ್ತೆಯ ಹಣೆಗೆ ಹಣೆ ಕೊಟ್ಟ. ಒಬ್ಬ ಹೆಂಗಸು ಗಟ್ಟಿಯಾಗಿ “ಅಯ್ಯ ನನ್ನಪ್ಪಾ” ಎಂದಳು. ಅವರು ಹಿಂದಿರುಗಿ ಕುಂಬಾರನ ಚಪ್ಪರದಲ್ಲಿ ಇಳಿದುಕೊಂಡದ್ದು, ಬೆಚ್ಚನೆಯ ಬೂದಿಯ ಪಕ್ಕದಲ್ಲಿ ಮಗು ಹುಟ್ಟಿದ್ದು, ಬಾಗಿಲಲ್ಲಿ ಕೆಂಪು ಕತ್ತೆ ಕಾವಲು ನಿಂತದ್ದು, ಎಲ್ಲವನ್ನೂ ಸಭೆ ಸದ್ದಿಲ್ಲದೆ ನೋಡಿತು. ಕೊನೆಗೆ ಮಕ್ಕಳು ಹೆಸರುಗಳನ್ನು ಹಾಕಿದ್ದರು. ನನಗೆ ತೋರಿಸದೆ ಒಂದು ಸಾಲು ಸೇರಿಸಿದ್ದರು: ಕತ್ತೆಯನ್ನು ಸುಟ್ಟು ಗಟ್ಟಿ ಮಾಡಿದವರು, ಮಿಸ್ ಅವರ ತಾಯಿ. ಅವ್ವನಿಗೆ ಓದಲು ಬರುವುದಿಲ್ಲ. ಪಕ್ಕದವರು ಓದಿ ಹೇಳಿದರು. “ಸುಳ್ಳೇನಲ್ಲ,” ಎಂದಳಂತೆ.

ದೀಪ ಹತ್ತಿದ ಮೇಲೆ ಹಿರಿಯ ಮೇಷ್ಟ್ರು ನನ್ನ ಹತ್ತಿರ ಬಂದರು.

“ಅಲ್ರೀ, ಕಡೀತನಕ ಅಲ್ಲಾಡ್ಲೇ ಇಲ್ಲಲ್ರೀ ಅದು.”

“ಇಲ್ರಿ ಸರ್. ಅದಕ್ಕ ಉಳದ್ರು.”

“ಮುಂದಿನ ವರ್ಷಾದ್ರೂ ಜಿಂಕಿ ಮಾಡ್ರಿ,” ಎಂದು ಹೋದರು. ಅವರಿಗೆ ತಿಳಿಯಲಿ ಎಂದು ನಾನು ಸಿನಿಮಾ ಮಾಡಿರಲಿಲ್ಲ. ತಿಳಿಯದಿದ್ದರೆ ನನ್ನದೇನೂ ಹೋಗುವುದಿಲ್ಲ.

ಮುಖ್ಯ ಅತಿಥಿ ಸಿಸ್ಟರ್ ಜೊತೆ ಬಂದು ಕೇಳಿದರು: “ಆಗ ಎದ್ದು ನಿಂತು ಕೂಗಿದರಲ್ಲ, ಯಾರವರು?”

“ನಮ್ಮಪ್ಪ.”

“ಹೌದಾ? ಏನು ಮಾಡ್ತಾರೆ?”

ಹೊರಗೆ ರಸ್ತೆಯಲ್ಲಿ ಯಾವುದೋ ಬಸ್ಸಿನ ಹಾರನ್ನು ಕೇಳಿಸಿತು. ನಾನು ಕದಲಲಿಲ್ಲ.

“ಕುಂಬಾರರು. ಮೂರು ಕತ್ತೆ ಇದ್ದವು, ಈಗ ಒಂದಿದೆ. ಅವನ್ನು ಮೇಯಿಸಿಕೊಂಡೇ ನಾನು ಓದಿದ್ದು.”

ಅವರು ಮುಂದೇನು ಕೇಳುತ್ತಿದ್ದರೋ, ಅಷ್ಟರಲ್ಲಿ ಅವ್ವ ಪರದೆಯ ಪಕ್ಕದ ಟೇಬಲ್ಲಿನ ಮೇಲೆ ಎಲ್ಲರೂ ನೋಡಲೆಂದು ಇಟ್ಟಿದ್ದ ಕತ್ತೆ ಎತ್ತಿಕೊಂಡು ಬಂದು ಅವರ ಕೈಗೇ ಇಟ್ಟುಬಿಟ್ಟಿದ್ದಳು.

“ಬಡದು ನೋಡ್ರಿ,” ಎನ್ನುತ್ತಿದ್ದಳು. “ಹೆದರಬ್ಯಾಡ್ರಿ, ಒಡಿಯಲ್ಲ. ಜೋರಾಗಿ ಬಡೀರಿ.”